ಬಲಗಡೆ ಬಾಣಲೆ

ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಚೈನೀಸ್ ಹೋಟೆಲ್ ಇದೆ. ಬೋರ್ಡಿನ ಮೇಲೆ ಡ್ರ್ಯಾಗನ್ ಬರೆಸಿದ್ದಾರೆ. ಬರೆದವನು ಡ್ರ್ಯಾಗನ್ ಎಲ್ಲಿ ನೋಡಿದ್ದ ಪಾಪ, ಜೋಗಿಮಟ್ಟಿ ಕಾಡಿನ ಉಡದ ಬಾಯಿಂದ ಬೆಂಕಿ ಉಗುಳಿಸಿ ಕೈ ತೊಳೆದುಕೊಂಡಿದ್ದಾನೆ. ಒಳಗೆ ಆರು ಟೇಬಲ್. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಒಲೆಯ ಮುಂದೆ ನಿಂತಿರುವವನು ಚಿತ್ರಲಿಂಗಪ್ಪ. ಎಣ್ಣೆ ಮಿಲ್ಲು ಮುಚ್ಚಿದಾಗ ಎಲೆಕೋಸು ಹೆಚ್ಚುವ ಕೆಲಸಕ್ಕೆ ಬಂದ, ನೇಪಾಳದ ಮಾಸ್ಟರ್ ಒಬ್ಬನ ಪಕ್ಕ ನಿಂತು ಕಲಿತ, ಆತ ಊರಿಗೆ ಹೋದ ಮೇಲೆ ತಾನೇ ಮಾಸ್ಟರ್ ಆದ. ಚೀನಾ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರ.

ಮಠಕ್ಕೆ ನಡೆದುಕೊಳ್ಳುವ ಮನೆತನ, ಎದೆಯ ಮೇಲೆ ಲಿಂಗ. ಹಾಗಾಗಿ ಅವನದೇ ಒಂದು ಪದ್ಧತಿ. ಎಡಗಡೆ ಒಲೆಯಲ್ಲಿ ಕೋಳಿ, ಮೊಟ್ಟೆ. ಬಲಗಡೆಯದರಲ್ಲಿ ಗೋಬಿ, ತರಕಾರಿ. ಬಾಣಲೆ ಬೇರೆ, ಸೌಟು ಬೇರೆ, ಎಣ್ಣೆ ಬೇರೆ. ಎಡದಿಂದ ಬಲಕ್ಕೆ ಬರುವಾಗ ಮೊಣಕೈತನಕ ಸೋಪು ಹಚ್ಚಿ ತೊಳೆಯುತ್ತಾನೆ, ಸೊಂಟಕ್ಕೆ ಕಟ್ಟಿದ ಬಟ್ಟೆ ಬದಲಿಸುತ್ತಾನೆ. ಚಿಲ್ಲಿ ಚಿಕನ್ನಿನ ಉಪ್ಪು ನೋಡುವುದು ಸಪ್ಲೈಯರ್ ದುರ್ಗೇಶನ ಕೆಲಸ. ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿದ್ದಿಲ್ಲ, ಮಾಡಿದೆಯಾ ಎಂದು ಯಾರೂ ಕೇಳಿದ್ದೂ ಇಲ್ಲ.

ಇಂಥವನು ಆ ಭಾನುವಾರ ಮಧ್ಯಾಹ್ನ ಸುಳ್ಳು ಹೇಳಿಬಿಟ್ಟ.

ಮಗಳು ಕಾವ್ಯಳನ್ನು ನೋಡಲು ಹೊರಕೆರೆದೇವಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಗುರುರಾಜ್, ಅವನ ತಂದೆ ಗಂಗಾಧರಪ್ಪ, ತಾಯಿ ಮಹಾದೇವಮ್ಮ. ಹುಡುಗನದು ಹೊಳಲ್ಕೆರೆಯಲ್ಲಿ ಔಷಧಿ ಅಂಗಡಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಕಾವ್ಯ, ಫೋಟೋ ನೋಡಿ 'ಆಗಬಹುದು' ಅಂದಿದ್ದು ಇದೊಂದೇ ಸಲ. ಹಿಂದಿನ ವರ್ಷ ಬಂದಿದ್ದ ಸಂಬಂಧ 'ಅಪ್ಪ ಕೋಳಿ ಹುರಿಯೋನಂತೆ' ಎಂಬ ಒಂದೇ ಮಾತಿಗೆ ಮುರಿದುಬಿದ್ದಿತ್ತು. ಅದಕ್ಕೇ ಈ ಸಲ ಹೆಂಡತಿಯ ತಮ್ಮ ಶಿವರಾಜ್ ಮೊದಲೇ ಕಿವಿಯೂದಿದ್ದ.

"ಭಾವ, ಕೇಳಿದ್ರೆ ತರಕಾರಿ ಮಂಡಿ ಐತೆ ಅಂದ್ಬಿಡ್ರಿ. ಮದ್ವೆ ಆದ್ಮ್ಯಾಲೆ ಯಾರ್ ಕೇಳ್ತಾರೆ?"

ಗಂಗಾಧರಪ್ಪ ಕೇಳಿಯೇ ಕೇಳಿದರು. ಚಿತ್ರಲಿಂಗಪ್ಪ ನೆಲ ನೋಡುತ್ತಾ "ತರಕಾರಿ ಮಂಡಿ" ಅಂದ. ಒಳಬಾಗಿಲಲ್ಲಿ ನಿಂತಿದ್ದ ಕಾವ್ಯ ತಟ್ಟನೆ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

ಬಂದವರು ಉಪ್ಪಿಟ್ಟು ತಿಂದರು, ಟೀ ಕುಡಿದರು. ಹುಡುಗ ಹುಡುಗಿ ಹಿತ್ತಲಲ್ಲಿ ಹತ್ತು ನಿಮಿಷ ಮಾತಾಡಿದರು. ಹೋಳಿಗೆ ಊಟ ಸಿದ್ಧವಿತ್ತು, ಯಾರೂ ಕೂರಲಿಲ್ಲ. ಅದರಲ್ಲಿ ತಪ್ಪೇನಿಲ್ಲ, ಒಪ್ಪಿಗೆ ಆಗುವ ತನಕ ಹೆಣ್ಣಿನ ಕಡೆಯ ಅನ್ನ ಉಣ್ಣಬಾರದೆಂಬುದು ಎರಡೂ ಮನೆಯವರಿಗೆ ಗೊತ್ತಿದ್ದದ್ದೇ. ತಿಂಡಿ ತಿನ್ನಬಹುದು, ಅನ್ನ ಉಂಡರೆ ಮಾತು ಮುಗಿದಂತೆ. "ಹೇಳಿ ಕಳಿಸ್ತೀವ್ರಿ" ಎಂದು ಮಹಾದೇವಮ್ಮ ಎದ್ದರು. ಐಮಂಗಲದ ನೆಂಟರ ಮನೆಗೆ ಹೋಗಿ, ರಾತ್ರಿ ಊರಿಗೆ ವಾಪಸ್ಸಾಗುವುದಿದೆ ಎಂದರು. ಹೇಳಿ ಕಳಿಸ್ತೀವಿ ಅಂದವರು ಎಷ್ಟು ಜನ ಹೇಳಿ ಕಳಿಸಿದ್ದಾರೋ, ಹೆಣ್ಣು ಹೆತ್ತವರನ್ನೇ ಕೇಳಬೇಕು.

ಸಂಜೆ ಚಿತ್ರಲಿಂಗಪ್ಪ ಎಂದಿನಂತೆ ಹೋಟೆಲಿನ ಒಲೆ ಹಚ್ಚಿದ. ಆ ಸುಳ್ಳು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಕಾಡುತ್ತಲೇ ಇತ್ತು. ರಾತ್ರಿ ಹತ್ತೂವರೆಗೆ ದುರ್ಗೇಶ್ ಒಳಗೆ ಬಂದ.

"ಮಾಸ್ಟ್ರೇ, ಮೂರು ಜನ. ಸದ್ಯಕ್ಕೆ ಒಂದು ಗೋಬಿ ಮಂಚೂರಿ, ಅನ್ನದ್ದು ಆಮ್ಯಾಲೆ ಹೇಳ್ತಾರಂತೆ. ಅದ್ರಾಗೆ ಒಬ್ರು ಅಮ್ಮ, ಬಾಣಲೆ ನೋಡ್ಲೇಬೇಕು ಅಂತವ್ರೆ."

"ಬಾಣಲೆ ನೋಡಕೆ ಇದೇನು ಕೋಟೆ ಏನಲೇ?" ಎಂದು ರೇಗಿ ತಿರುಗುವಷ್ಟರಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಮಹಾದೇವಮ್ಮ ಬಾಗಿಲಲ್ಲಿ ನಿಂತಿದ್ದರು.

ಅವನ ಕೈಯಲ್ಲಿ ಕೋಳಿ ತುಂಡುಗಳ ಬೋಗುಣಿ. ಮುಗೀತು, ಮಗಳ ಬಾಳಿಗೆ ನನ್ನ ಕೈಯಾರೆ ಕಲ್ಲು ಹಾಕಿದೆ ಅಂದುಕೊಂಡ. ಬೋಗುಣಿ ಬಚ್ಚಿಡೋಣವೆಂದರೆ ಆ ಗೂಡಿನಂಥ ಅಡುಗೆಮನೆಯಲ್ಲಿ ಜಾಗವಾದರೂ ಎಲ್ಲಿದೆ?

"ಮಂಡಿ ಚೆನ್ನಾಗೈತೆ" ಎಂದರು ಮಹಾದೇವಮ್ಮ. ಎಣ್ಣೆ ಡಬ್ಬದ ಮುಚ್ಚಳ ತೆಗೆದು ಮೂಸಿದರು. ಬಲಗಡೆಯ ಸೌಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಬೋಗುಣಿಯ ಕಡೆ ಕೈ ತೋರಿಸಿದರು. "ಇದನ್ನ ನೀವೇ ಮುಟ್ತೀರೋ?"

ದುರ್ಗೇಶ್ ಮಾಡ್ತಾನೆ ಎಂದುಬಿಟ್ಟರೆ ಆಗುತ್ತಿತ್ತು. ದುರ್ಗೇಶನೂ ತಲೆಯಾಡಿಸಲು ತಯಾರಾಗಿಯೇ ನಿಂತಿದ್ದ. ಆದರೆ ಚಿತ್ರಲಿಂಗಪ್ಪನಿಗೆ ಒಂದು ದಿನಕ್ಕೆ ಒಂದು ಸುಳ್ಳೇ ಸಾಕಾಗಿ ಹೋಗಿತ್ತು.

"ಮುಟ್ತೀನ್ರಮ್ಮಾ. ದಿನಾ ಮುಟ್ತೀನಿ, ತಿನ್ನಲ್ಲ. ಈ ಕಡೀಗೆ ಬರೋವಾಗ ತೊಳ್ಕಂಡು ಬರ್ತೀನಿ. ಮಧ್ಯಾಹ್ನ ಹೇಳಿದ್ದು ಸುಳ್ಳು. ಅದ್ರಾಗೆ ಮಗಳದ್ದೇನೂ ತಪ್ಪಿಲ್ಲ, ಅವಳನ್ನ ಬ್ಯಾಡ ಅನ್ನಬ್ಯಾಡ್ರಿ."

"ತೊಳೀರಿ, ನೋಡಾಣ."

ತೊಳೆದ. ಸೋಪು ಎರಡು ಸಲ ಜಾರಿ ಬಿತ್ತು. ಬಟ್ಟೆ ಬದಲಿಸಿ, ಬಲಗಡೆ ಬಾಣಲೆಗೆ ಎಣ್ಣೆ ಹಾಕಿ, ಹಿಟ್ಟಿನಲ್ಲಿ ಅದ್ದಿದ ಗೋಬಿ ಬಿಟ್ಟ. ಆಯಮ್ಮ ಪಕ್ಕದಿಂದ ಅಲ್ಲಾಡಲಿಲ್ಲ. ಕೊನೆಗೆ ಅವನೇ ತಡೆಯಲಾರದೆ ಕೇಳಿದ: "ಇಷ್ಟು ಹೋಟ್ಲು ಅವೆ, ನೀವು ಇಲ್ಲಿಗೇ ಹೆಂಗೆ ಬಂದ್ರಿ?"

"ನಿಮ್ಮ ಮಗಳೇ ಕಳಿಸಿದ್ದು. ಹಿತ್ತಲಾಗೆ ನಮ್ಮ ಹುಡುಗನ ಹತ್ರ ನೆಟ್ಟಗೆ ಹೇಳ್ಯಾಳೆ. ನಮ್ಮಪ್ಪಂಗೆ ಮಂಡಿ ಗಿಂಡಿ ಏನಿಲ್ಲ, ಚೈನೀಸ್ ಹೋಟ್ಲಾಗೆ ಅಡಿಗೆ ಮಾಡ್ತಾರೆ, ನನ್ನ ಓದಿಸಿದ್ದು ಆ ಎರಡು ಬಾಣಲೇನೆ. ನಿಮ್ಮಮ್ಮನ್ನ ಕರ್ಕಂಡು ಹೋಗಿ ತೋರ್ಸು, ನೋಡಿದ್ಮ್ಯಾಲೂ ಬ್ಯಾಡ ಅನ್ಸಿದ್ರೆ ನನಗೂ ಬ್ಯಾಡ, ಅಂದ್ಳಂತೆ."

ಚಿತ್ರಲಿಂಗಪ್ಪನಿಗೆ ಅಳು ಬಂತು. ಮೆಣಸಿನಕಾಯಿ ಘಾಟು ಅಂತ ಹೇಳಬಹುದಿತ್ತು, ಹೇಳಲಿಲ್ಲ. ಯಾರಿಗೋಸ್ಕರ ಸುಳ್ಳು ಹೇಳಿದನೋ ಅವಳೇ ಒಂದು ಗಳಿಗೆಯೂ ಆ ಸುಳ್ಳನ್ನು ಇಟ್ಟುಕೊಂಡಿರಲಿಲ್ಲ.

ಮಹಾದೇವಮ್ಮ ತಟ್ಟೆಯಿಂದ ಒಂದು ಗೋಬಿ ತೆಗೆದು, ಉಫ್ ಉಫ್ ಎಂದು ಊದಿ ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದು ನುಂಗಿದರು.

"ಇದು ತಿಂಡಿ ಆತು. ಅನ್ನ ಏನೈತೆ?"

"ಫ್ರೈಡ್ ರೈಸ್ ಐತ್ರಮ್ಮಾ."

"ಅದು ಅನ್ನಾನೇ ಹೌದಲ್ಲೋ?"

"ಅನ್ನಾನೇ ರೀ."

"ಹಂಗಾದ್ರೆ ನಾಕು ಪ್ಲೇಟ್ ಹಾಕ್ರಿ ಬೀಗರೆ. ನೀವೂ ಬಂದು ಕುಂತ್ಕಳ್ರಿ" ಎಂದವರೇ, "ಲೇ ಗುರು, ಕೈ ತೊಳ್ಕಳಲೇ, ಊಟ ಇಲ್ಲೇ" ಎಂದು ಕೂಗುತ್ತಾ ಹೊರಗೆ ನಡೆದರು.

ಚಿತ್ರಲಿಂಗಪ್ಪ ಬಲಗಡೆಯ ಸೌಟು ಕೈಗೆತ್ತಿಕೊಂಡ. ಎಡಗಡೆ ಒಲೆಯನ್ನು ದುರ್ಗೇಶನೇ ಆರಿಸಿದ.