ಎಂಜಲು ಬಿದ್ದ ಅಂಗಿ

ಬಸ್ಸಿನ ಕಿಟಕಿಯಿಂದ ಜನ ಉಗುಳುವುದನ್ನು ಕಂಡರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಉಗುಳುವವರಿಗಿಂತ ಹೆಚ್ಚು ಹೇಸಿಗೆ, ಸುಮ್ಮನೆ ಕೂತು ನೋಡುವವರ ಮೇಲೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೇ ಮೊದಲು. ಕೂಲಿ ಮಾಡುತ್ತ ಓದಿದವನು, ಹೇಳಿಕೊಳ್ಳಲು ಸಂಕೋಚವಿಲ್ಲ. ಮಾಸ್ತರಿಕೆಯ ಸಂದರ್ಶನಕ್ಕೆಂದು ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದ್ದೆ. ಮೈಮೇಲೆ ಇದ್ದದ್ದೊಂದೇ ಬಿಳಿ ಅಂಗಿ, ಅವ್ವ ನೀಲಿ ಹಾಕಿ ಒಗೆದದ್ದು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಕಿಟಕಿಯಲ್ಲಿ ಕೂತಿದ್ದ ಟೋಪಿಯವನೊಬ್ಬ ಎಲೆಯಡಿಕೆ ಉಗುಳಿದ. ಅದು ಗಾಳಿಗೆ ತಿರುಗಿ, ಹಿಂದಿನ ಕಿಟಕಿಯಿಂದ ಒಳಗೆ ಬಂದು, ಅಲ್ಲೇ ಒತ್ತಿಕೊಂಡು ನಿಂತಿದ್ದ ನನ್ನ ಎದೆಗೆ ಬಡಿಯಿತು.

"ಏ, ಹೋಳಿ ಹುಣ್ಣಿವಿ ಈ ಸಲ ಲಗೂನ ಬಂತಲೇ!" ಯಾರೋ ಒಬ್ಬ ಕೂಗಿದ. ಬಸ್ಸೆಲ್ಲ ನಕ್ಕಿತು.

"ಗಾಳಿ ತಿರುಗಿದ್ರ ನಾ ಏನ್ ಮಾಡ್ಲೆಪಾ?" ಎಂದ ಟೋಪಿಯವನು.

ಅಲ್ಲಿಯವರೆಗೆ ಮೈಗೆ ಮೈ ತಿಕ್ಕುತ್ತಿದ್ದವರೆಲ್ಲ ತಮ್ಮ ಬಟ್ಟೆ ಉಳಿಸಿಕೊಳ್ಳಲು ಹಿಂದೆ ಸರಿದರು. ಅಷ್ಟು ಜನರ ನಡುವೆ ನಾನೊಬ್ಬನೇ, ಎದೆಯ ಮೇಲೆ ಯಾರದೋ ಎಂಜಲು. ಇದೇ ಅಂಗಿಯಲ್ಲಿ ಹೋಗಿ ಏನೆಂದು ಕೆಲಸ ಕೇಳುವುದು?

ಬಾಗಿಲ ಹತ್ತಿರ ನಿಂತಿದ್ದ, ನನ್ನಷ್ಟೇ ಮೈಕಟ್ಟಿನ ಒಬ್ಬ ಕೇಳಿದ: "ಎಲ್ಲಿಗ್ರಿ?"

"ಸಂದರ್ಶನ ಐತ್ರಿ, ಮಾಸ್ತರ್ ಕೆಲಸಕ್ಕ."

ಅವನು ತನ್ನ ಗುಂಡಿ ಬಿಚ್ಚತೊಡಗಿದ. "ನಂದ ಹಾಕ್ಕೋರಿ, ನಿಮ್ಮದ ನನಗ ಕೊಡ್ರಿ. ನಾ ದನದ ಸಂತಿಗೆ ಹೊಂಟೇನಿ. ಎತ್ತೇನ ನನ್ನ ಅಂಗಿ ನೋಡತಾವ?"

ಇಷ್ಟೊತ್ತು ತುಟಿ ಬಿಚ್ಚದಿದ್ದ, ಬಾಗಿಲ ಬಳಿಯ ಸೀಟಿನಲ್ಲಿದ್ದ, ಹಣೆ ತುಂಬ ವಿಭೂತಿಯ ಹಿರಿಯನೊಬ್ಬನಿಗೆ ಆಗ ನಾಲಿಗೆ ಬಂತು. "ತಡಿಯೋ ತಮ್ಮಾ. ಅವ ಯಾರ ಪೈಕಿ ಅಂತ ಕೇಳಿಯೇನು? ಮೈಮ್ಯಾಲಿನ ಅಂಗಿ ಅದು."

ಯಾರ ಪೈಕಿ ಎಂದರೆ ನಮ್ಮ ಕಡೆ ಯಾವ ಜಾತಿ ಎಂದೇ ಅರ್ಥ. ಬಿಚ್ಚುತ್ತಿದ್ದವನ ಬೆರಳು ಗುಂಡಿಯ ಮೇಲೇ ನಿಂತಿತು. ನನ್ನ ಮುಖ ನೋಡಿದ.

"ಈ ಎಂಜಲ ಯಾರ ಪೈಕಿದ್ರಿ ಯಜಮಾನ್ರ? ಅದನ್ನ ಮೊದಲ ಕೇಳ್ರಿ," ಎಂದೆ. ಗುಂಡಿ ಬಿಚ್ಚುತ್ತಿದ್ದವನತ್ತ ಕೈ ಚಾಚಿದೆ: "ಕೊಡ್ರಿ ಅಣ್ಣಾರ."

ಅವನು ಉಳಿದ ಗುಂಡಿಗಳನ್ನೂ ಬಿಚ್ಚಿ ಅಂಗಿ ಕೊಟ್ಟ. ಅದು ಬೆವರು, ಬೀಡಿ, ಸಗಣಿ ನಾರುತ್ತಿತ್ತು, ಸುಳ್ಳು ಹೇಳಲಾರೆ. ಮೂಗು ಬಿಗಿಹಿಡಿದೇ ತೊಟ್ಟೆ. ಅವನು ನನ್ನದನ್ನು ಕಲೆಯ ಸಮೇತ ಹಾಕಿಕೊಂಡು, "ಪಾಸಾಗ್ರಿ ಮತ್ತ. ಇಲ್ಲಾಂದ್ರ ನನ್ನ ಅಂಗಿ ಹೆಸರ ಕೆಡತೈತಿ," ಎಂದು ನಕ್ಕ.

ಹುಬ್ಬಳ್ಳಿಯಲ್ಲಿ ಇಳಿಯುವಾಗ ಹಿರಿಯನು, ನಾನೆಲ್ಲಿ ಮುಟ್ಟಿಬಿಡುತ್ತೇನೋ ಎಂದು, ಧೋತರ ಮುದುರಿಕೊಂಡು ನನಗೆ ದಾರಿ ಬಿಟ್ಟ. ಆ ದಾರಿ ನನಗೆ ಬೇಡವಾಗಿತ್ತು. ಅಂಗಿಯ ತೋಳು ಅವನ ಮೈಗೆ ಉಜ್ಜುವಂತೆ ಒತ್ತಿಕೊಂಡೇ ಇಳಿದೆ.