ಲಾಳದ ತಾತ ತಂದ ಹನ್ನೆರಡು ಹಗ್ಗ

ನಮ್ಮೂರಿನ ಲಾಳದ ತಾತನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಬಣ್ಣದ ನುಣುಪು ಚರ್ಮವಿತ್ತು. ಪ್ರಾಯದಲ್ಲಿ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡು ಎತ್ತನ್ನು ಎಳೆಯಲು ಹೋಗಿ, ಎತ್ತು ಒಮ್ಮೆ ಜಾಡಿಸಿದ್ದಕ್ಕೆ ಉಗುರು ಕಿತ್ತು ಹೋಗಿತ್ತಂತೆ. ಯಾರಾದರೂ ಹಗ್ಗವನ್ನು ಕೈಗೆ ಸುತ್ತಿಕೊಂಡದ್ದು ಕಂಡರೆ ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಆ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದ್ದರು. ಚಿಕ್ಕಂದಿನಲ್ಲಿ ನನಗೂ ಎಷ್ಟೋ ಸಲ ತೋರಿಸಿದ್ದಾರೆ.

ವಕ್ಕಲೇರಿಯಲ್ಲಿ ಅವರ ಮನೆಯ ಹಿತ್ತಿಲು ನಮ್ಮ ಹಿತ್ತಿಲಿಗೆ ಅಂಟಿಕೊಂಡಿತ್ತು. ಶ್ರೀನಿವಾಸಪುರದ ಕಡೆಯಿಂದ ಬಂದವರು, ಮನೆಮಾತು ತೆಲುಗು, ಎತ್ತಿಗೆ ಲಾಳ ಹೊಡೆಯುವುದು ಕಸುಬು. ಲಾಳ ಹೊಡೆಯುವ ಮೊದಲು ಎತ್ತಿಗೆ ಹಗ್ಗ ಹಾಕಿ ನೆಲಕ್ಕೆ ಒರಗಿಸಿ, ನಾಲ್ಕು ಕಾಲನ್ನೂ ಸೇರಿಸಿ ಕಟ್ಟಬೇಕು. ಊರಿನವರು ಅದನ್ನು ಎತ್ತು ಕೆಡವೋದು ಎನ್ನುತ್ತಿದ್ದರು. ತಾತನಿಗೆ ಆ ಮಾತು ಕೇಳಿದರೆ ಆಗುತ್ತಿರಲಿಲ್ಲ. ಕೆಡವೋದು ಜಗಳದಲ್ಲಿ, ನಾನು ಮಲಗಿಸ್ತೀನಿ ಎಂದು ತಿದ್ದುತ್ತಿದ್ದರು. ಎತ್ತಿನ ಕಿವಿಯ ಹತ್ತಿರ ತೆಲುಗಿನಲ್ಲಿ ಏನೋ ಗೊಣಗುತ್ತಾ ಹಗ್ಗ ಎಳೆದರೆ, ಅಷ್ಟು ದೊಡ್ಡ ಪ್ರಾಣಿ ತಾನೇ ನಿದ್ದೆ ಬಂದಂತೆ ಮಂಡಿಯೂರುತ್ತಿತ್ತು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ಸೀಮೆಹಸುಗಳ ಗೊರಸು ಕೆತ್ತಲು ಹೋಗುತ್ತಿದ್ದರು.

ಇನ್ನು ನನ್ನ ಸಂಗತಿ ಹೇಳಬೇಕು, ಅದನ್ನು ಬಿಟ್ಟು ಅವರ ಕತೆ ಮುಂದೆ ಹೋಗುವುದಿಲ್ಲ. ವಾರವೆಲ್ಲ ಕೋಲಾರದ ಆಫೀಸೊಂದರಲ್ಲಿ ಗುಮಾಸ್ತೆಯಾಗಿರುವ ನಾನು ತಿಂಗಳಿಗೊಂದು ಭಾನುವಾರ ಮಾಲೂರಿನ ಹತ್ತಿರದ ಮಾವಿನ ತೋಟದ ಮನೆಯೊಂದರಲ್ಲಿ ಹಗ್ಗದ ಪಾಠ ಹೇಳುತ್ತೇನೆ. ಬರುವವರು ಬೆಂಗಳೂರಿನ ಜೋಡಿಗಳು, ಕೂದಲು ನರೆತವರೂ ಇರುತ್ತಾರೆ. ಒಬ್ಬರ ಒಪ್ಪಿಗೆ ಕೇಳಿ ಇನ್ನೊಬ್ಬರು ಅವರ ಕೈ ಕಟ್ಟುವ, ಕಟ್ಟಿಸಿಕೊಳ್ಳುವ ಆಟ ಅದು. ಗಂಡಹೆಂಡಿರು ಬಾಗಿಲು ಹಾಕಿಕೊಂಡು ಆಡುವ ಆಟ ಎಂದರೆ ಓದುಗರಿಗೆ ಅರ್ಥವಾಗುತ್ತದೆ. ಹೊಸಬರಿಗೆ ಕಟ್ಟುವುದಕ್ಕಿಂತ ನೋವಾಗದಂತೆ ಕಟ್ಟುವುದನ್ನು ಕಲಿಸುವುದೇ ನನ್ನ ಕೆಲಸ. ಇದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆ ಬೇರೆಯದಕ್ಕೆ ಇದೆ.

ಮೊದಲನೆಯ ತರಗತಿಯಲ್ಲೇ ಎಡವಟ್ಟು ಮಾಡಿದೆ. ಫೋನಿನಲ್ಲಿ ನೋಡಿ ಕಲಿತ ಗಂಟು, ಕಟ್ಟಿಸಿಕೊಂಡವರು ಎಳೆದಷ್ಟೂ ಬಿಗಿಯಿತು. ಕೊನೆಗೆ ಕತ್ತರಿ ಹಾಕಬೇಕಾಯಿತು. ಅಂದೇ ಊರಿಗೆ ಬಂದವಳು ನೇರ ಹಿತ್ತಿಲು ದಾಟಿ ತಾತನ ಜಗಲಿಯ ಮೇಲೆ ಕುಳಿತೆ. ಒದ್ದಾಡಿದರೂ ಬಿಗಿಯದ ಗಂಟು ಹೇಳಿಕೊಡಿ ಎಂದೆ. ಯಾರಿಗೆ ಪಾಪಾ ಎಂದು ಕೇಳಿದರು. ಮಗುವಾಗಿದ್ದಾಗಿನಿಂದ ನಾನು ಅವರಿಗೆ ಪಾಪಾನೇ. ಬೆಂಗಳೂರಿನವರು ಮಾಲೂರಿನ ಕಡೆ ತೋಟ ಮಾಡಿ ಹಸು ಸಾಕುತ್ತಾರಂತೆ, ಅವರಿಗೆ ಪಾಠ ಮಾಡ್ತೀನಿ ಎಂದು ಸುಳ್ಳು ಹೇಳಿದೆ. ತಾತನ ಮುಖ ಅರಳಿದ್ದು ನೋಡಬೇಕಿತ್ತು. ತಮ್ಮ ವಿದ್ಯೆ ಕೇಳಿಕೊಂಡು ಜಗಲಿಗೆ ಯಾರಾದರೂ ಬಂದು ಎಷ್ಟು ಕಾಲವಾಗಿತ್ತೋ.

ಒಂದು ತಿಂಗಳು ಕಲಿಸಿದರು. ಮೊದಲ ವಾರ ಕಟ್ಟಲು ಬಿಡಲೇ ಇಲ್ಲ. "ಮುಂದು ವಿಪ್ಪೇದಿ ನೇರ್ಚುಕೋ," ಮೊದಲು ಬಿಚ್ಚೋದು ಕಲಿ ಎಂದು, ತಾವು ಕಟ್ಟಿದ ಗಂಟನ್ನು ನನ್ನಿಂದ ನೂರು ಸಲ ಬಿಚ್ಚಿಸಿದರು. ಎರಡನೆಯ ವಾರ ನನ್ನ ಕಾಲನ್ನೇ ಕಟ್ಟಿ, ಕಾಫಿ ಕುಡಿದು ಬರುವವರೆಗೆ ಹಾಗೇ ಕೂರಿಸಿದರು. "ತಾವು ಕಟ್ಟಿಸ್ಕೊಳ್ದೋರು ಇನ್ನೊಬ್ರನ್ನ ಕಟ್ಟಬಾರ್ದು ಪಾಪಾ," ಅಂದರು. ಹಗ್ಗದ ಒಳಗೆ ಎರಡು ಬೆರಳು ಆಡಬೇಕು, ಕಟ್ಟಿದ ಜಾಗದ ಕೆಳಗೆ ಆಗಾಗ ಮುಟ್ಟಿ ನೋಡಬೇಕು, ತಣ್ಣಗಾಗಿದ್ದರೆ ರಕ್ತ ಓಡುತ್ತಿಲ್ಲ ಎಂದು ತಿಳಿಯಬೇಕು. ನನ್ನ ತರಗತಿಯಲ್ಲಿ ಇಂದಿಗೂ ಇಷ್ಟೇ ಪಾಠ, ಉಳಿದದ್ದೆಲ್ಲ ಅಲಂಕಾರ.

ಒಂದೇ ತುದಿ ಎಳೆದರೆ ಬಿಚ್ಚಿಕೊಳ್ಳುವ ಆ ಗಂಟು ನನ್ನ ಹೆಸರು ಉಳಿಸಿತು. ಎಲ್ಲಿ ಕಲಿತಿರಿ ಎಂದು ಜನ ಕೇಳುತ್ತಿದ್ದರು. ಎತ್ತು ಮಲಗಿಸುವವರಿಂದ ಎಂದು ಹೇಳಲು ನಾಲಿಗೆ ಏಳಲಿಲ್ಲ. ದನದ ಗಂಟು ನಮಗೆ ಹಾಕುತ್ತಾಳೆ ಎಂದು ನಗುತ್ತಾರೆ ಅನ್ನಿಸಿತು. ಹೊರದೇಶದ ಗುರುಗಳೊಬ್ಬರಿಂದ ಎಂದುಬಿಟ್ಟೆ. ಆ ಕಡೆ ಒಂದು ಸುಳ್ಳು, ಈ ಕಡೆ ಒಂದು ಸುಳ್ಳು, ನಡುವೆ ನಾನು ದೊಡ್ಡ ಮನುಷ್ಯಳಾಗಿ ಓಡಾಡುತ್ತಿದ್ದೆ.

ಮುಂದಿನ ಭಾನುವಾರ ಹನ್ನೆರಡು ಜನ ಇದ್ದಾರೆ ಎಂದು ಒಮ್ಮೆ ತಾತನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಆ ಭಾನುವಾರ ಪಾಠದ ನಡುವೆ ಬಾಗಿಲಲ್ಲಿ ನೆರಳು ಬಿತ್ತು. ಊರಿನಿಂದ ಮಾಲೂರಿನ ಬಸ್ಸು ಹತ್ತಿ, ನಾನು ಮಾತಿನಲ್ಲಿ ಹೇಳಿದ್ದ ಮಾವಿನ ತೋಟ ವಿಚಾರಿಸಿಕೊಂಡು ತಾತ ಬಂದಿದ್ದರು. ಒಗೆದ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ. ಅವರ ಕಣ್ಣು ಹಸು ಎಲ್ಲಿ ಕಟ್ಟಿದ್ದಾರೆ ಎಂದು ಅಂಗಳ, ಕೋಣೆ ಎಲ್ಲ ಹುಡುಕಿತು. ಆಮೇಲೆ ಚಾಪೆಗಳ ಮೇಲೆ ಎದುರುಬದುರು ಕುಳಿತ ಜೋಡಿಗಳ ಮೇಲೆ ನಿಂತಿತು. ಅವರಿಗೆ ಎಲ್ಲ ತಿಳಿದುಹೋಯಿತು.

ತಿರುಗಿ ಹೋಗುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಮೂಲೆಯಲ್ಲಿ ಗಂಡನಿಂದ ಕೈ ಕಟ್ಟಿಸಿಕೊಂಡು ಕುಳಿತಿದ್ದ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅವಳ ಬೆರಳ ತುದಿ ಮುಟ್ಟಿದರು. "ಬೆರಳು ತಣ್ಣಗಾಗವೆ. ಬಿಚ್ಚಪ್ಪ," ಎಂದರು. ಆ ಗಂಡ ತಡಕಾಡಿದ. ತಾತನೇ ತುದಿ ಹಿಡಿದು ಎಳೆದರು, ಹಗ್ಗ ಬಿಚ್ಚಿಕೊಂಡಿತು. ಆಕೆಯ ಬೆರಳುಗಳು ನಿಜಕ್ಕೂ ಬಿಳಿಚಿಕೊಂಡಿದ್ದವು. ನಾನು ಹೊರದೇಶದ ಗುರುಗಳ ಕತೆ ಹೇಳುವ ಸಡಗರದಲ್ಲಿ ಅತ್ತ ನೋಡಿರಲೇ ಇಲ್ಲ.

ಆಕೆ ಕೈ ಉಜ್ಜಿಕೊಳ್ಳುತ್ತಾ ನನ್ನನ್ನು ಕೇಳಿದಳು, "ಇವರು ಯಾರು?"

ಇವರೇ ನನ್ನ ಗುರುಗಳು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರು ಇನ್ನೊಂದು ಕೊಡಲಾರ. ಹನ್ನೆರಡು ಜನರೂ ನನ್ನನ್ನೇ ನೋಡುತ್ತಿದ್ದರು.

"ನಮ್ಮ ಕಡೆಯವರು," ಎಂದೆ. "ಹಗ್ಗ ಮಾರೋಕೆ ಬಂದಿದ್ದಾರೆ."

ತಾತ ಒಂದು ಸಲ ನನ್ನ ಮುಖ ನೋಡಿದರು. ಚೀಲವನ್ನು ಚಾಪೆಯ ಮೇಲೆ ಇಟ್ಟರು. "ಹೌದಮ್ಮ," ಎಂದರು ಆಕೆಗೆ. "ಮೇಡಂ ಹೇಳಿದ್ರು, ತಂದಿದ್ದೀನಿ."

ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಬಸ್ಸಿನವರೆಗೆ ಬಿಡಲು ಹೋಗಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ. ಚೀಲದಲ್ಲಿ ನೂಲಿನ ಹಗ್ಗಗಳಿದ್ದವು. ಪೇಟೆಯವರ ಅಂಗೈ ಕತ್ತಾಳೆ ನಾರಿಗೆ ಕಿತ್ತುಹೋದೀತೆಂದು ನೂಲಿನಲ್ಲೇ ಹೊಸೆದು, ತುದಿ ಬಿಚ್ಚದಂತೆ ದಾರ ಸುತ್ತಿದ್ದರು. ತಲೆಗೊಂದರಂತೆ ಹನ್ನೆರಡು.

ಆಮೇಲೆ ನಾನು ಹಿತ್ತಿಲ ಬಾಗಿಲು ತೆಗೆಯುವುದನ್ನೇ ಬಿಟ್ಟೆ. ಅವರು ಊರಲ್ಲಿ ಏನು ಹೇಳುತ್ತಾರೋ ಎಂಬ ಭಯ ಬೇರೆ ಇತ್ತು. ಹಾಲಿನ ಡೈರಿಯ ಮುಂದೆ ಇಬ್ಬರು ಪಿಸುಗುಟ್ಟಿದರೆ ನನ್ನದೇ ಮಾತು ಅನ್ನಿಸುತ್ತಿತ್ತು. ಅವರು ಯಾರಿಗೂ ಏನೂ ಹೇಳಲಿಲ್ಲ. ಅದನ್ನು ನಂಬಲು ನನಗೆ ನಾಲ್ಕು ತಿಂಗಳು ಬೇಕಾಯಿತು, ಅಷ್ಟರಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡು ಮಗಳು ಮುಳಬಾಗಿಲಿನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಇದ್ದೆ. ಕೊನೆಗೆ ಹೋದದ್ದು ತಿಥಿಗೆ. ಮಗಳು ಎಲೆ ಹಾಕುತ್ತಾ, ಮಾಲೂರಲ್ಲಿ ನಿನ್ ಪಾಠ ನೋಡ್ಕೊಂಡ್ ಬಂದ್ರಂತೆ, ಚೆನ್ನಾಗ್ ಹೇಳ್ತಾಳೆ ಅಂತಿದ್ರು ಎಂದಳು.

ಅದರ ಮುಂದಿನ ಭಾನುವಾರ ಪಾಠಕ್ಕೆ ಮೊದಲು ಎದ್ದು ನಿಂತು ಎಲ್ಲ ಹೇಳಿದೆ. ಈ ಗಂಟು ಹೊರದೇಶದ್ದಲ್ಲ, ಎತ್ತಿಗೆ ಲಾಳ ಹೊಡೆಯುತ್ತಿದ್ದ ನಮ್ಮೂರಿನ ತಾತನದು, ಅವರು ಇಲ್ಲಿಗೇ ಬಂದಿದ್ದರು, ಎದುರಿಗೇ ನಾನು ಅವರನ್ನು ಹಗ್ಗ ಮಾರುವವರು ಎಂದೆ. ಯಾರೂ ನಗಲಿಲ್ಲ. ಒಬ್ಬರು ಕಣ್ಣು ಒರೆಸಿಕೊಂಡರು.

ಆದರೆ ಇದು ಹೊಸಬರ ತರಗತಿ. ಒಮ್ಮೆ ಕಲಿತವರು ಮತ್ತೆ ಬರುವುದಿಲ್ಲ. ನನ್ನ ತಪ್ಪೊಪ್ಪಿಗೆ ಕೇಳಿದವರಲ್ಲಿ ತಾತ ಬಂದ ದಿನ ಇದ್ದವರು ಒಬ್ಬರೂ ಇರಲಿಲ್ಲ. ಆ ಹನ್ನೆರಡು ಜನರ ಪಾಲಿಗೆ ಅವರು ಇಂದಿಗೂ ಹಗ್ಗ ಮಾರಲು ಬಂದಿದ್ದ ಯಾರೋ ಮುದುಕ.