ಕಾಫಿ ದೆಹಲಿಯದು, ಮೆಣಸು ಬೆಂಗಳೂರಿನದು

ಏಜೆಂಟರ ಪ್ಯಾಂಟಿನ ಬಲಗಾಲು ಸದಾ ಮೊಣಕಾಲಿನವರೆಗೆ ಮಡಚಿರುತ್ತಿತ್ತು. ಎಡಗಾಲಿನದು ಚಪ್ಪಲಿ ಮುಟ್ಟುವಂತೆ ಇಳಿಬಿದ್ದಿರುತ್ತಿತ್ತು. ಅವರ ಹಳೆಯ ಸ್ಕೂಟರಿನ ಕಿಕ್ಕರ್ ಪ್ಯಾಂಟಿನ ಅಂಚನ್ನು ಕಚ್ಚಿ ಎರಡು ಸಲ ಅವರನ್ನು ಕೆಡವಿತ್ತಂತೆ. ಆಮೇಲೆ ಈ ಏರ್ಪಾಡು. ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ, ಕೊನೆಗೆ ಮದುವೆ ಮನೆಗೂ ಅವರು ಹೀಗೆ ಒಂದೂವರೆ ಕಾಲಿನ ಪ್ಯಾಂಟಿನಲ್ಲೇ ಬರುತ್ತಿದ್ದರು. ಬೋಳು ಕಾಲಿನ ತುಂಬ ಇಂಬಳ, ಅಂದರೆ ಜಿಗಣೆ, ಕಚ್ಚಿದ ಕಲೆಗಳು. ಯಾರಾದರೂ ನಕ್ಕರೆ ತಾವೂ ನಗುತ್ತಿದ್ದರು, ಮಡಿಕೆಯನ್ನು ಮಾತ್ರ ಬಿಚ್ಚುತ್ತಿರಲಿಲ್ಲ.

ವಿಮಾ ಕಂಪನಿಯೊಂದರ ಏಜೆಂಟರು ಅವರು. ನಮ್ಮ ಮೂಡಿಗೆರೆ ಸೀಮೆಯಿಂದ ಕಳಸದವರೆಗೆ ಜೀಪು, ಪಿಕಪ್ಪು, ಅಂಗಡಿ, ಗೋದಾಮು ಎಲ್ಲಕ್ಕೂ ವಿಮೆ ಮಾಡಿಸುತ್ತಿದ್ದರು. ನನ್ನ ಸ್ಕೂಟಿಯ ಪಾಲಿಸಿ ನವೀಕರಿಸಲು ಬಂದವರು ಹಾಗೇ ಮನೆಯ ಮನುಷ್ಯರಾದರು. ಫೋನು ಮಾಡಿದರೆ ಹೇಗಿದ್ದೀಯ ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. "ನಿಮ್ ಕಡೆ ಎಷ್ಟು ಸೆಂಟು ಬಿತ್ತು?" ಎಂದೇ ಶುರು. ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವುದು ನಮ್ಮಲ್ಲಿ ಎಲ್ಲ ತೋಟದವರ ಚಾಳಿ. ಪಕ್ಕದ ತೋಟಕ್ಕಿಂತ ನಮಗೆ ಹತ್ತು ಸೆಂಟು ಹೆಚ್ಚು ಬಿತ್ತೆಂದರೆ ಸುಮ್ಮನೆ ಒಂದು ಹೆಮ್ಮೆ. ಅದೇನು ನಾವು ಸುರಿಸಿದ್ದೇ?

ಅವರ ನಿಜವಾದ ವಿದ್ಯೆ ವಿಮೆಯಲ್ಲ. ಯಾವ ದೂರು ಯಾವ ಸರ್ಕಾರಕ್ಕೆ ಹೋಗಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಯಾರು ಏನೇ ತಾಪತ್ರಯ ಹೇಳಿಕೊಂಡು ಬಂದರೂ, "ಇರು ಮಾರಾಯ, ಮೊದಲು ಇದರ ವಾರಸುದಾರ ಯಾರು ನೋಡಾಣ" ಎನ್ನುತ್ತಿದ್ದರು. ಒಮ್ಮೆ ನಮ್ಮ ಪಕ್ಕದ ಹೊಲಿಗೆ ಅಂಗಡಿಯಾಕೆ ಚೀಟಿಯವನು ಮೋಸ ಮಾಡಿದನೆಂದು ರಿಸರ್ವ್ ಬ್ಯಾಂಕಿಗೆ ಮೂರು ಪತ್ರ ಬರೆದು ಉತ್ತರಕ್ಕೆ ಕಾಯುತ್ತ ಕೂತಿದ್ದಳು. ಏಜೆಂಟರು ಹಣೆ ಚಚ್ಚಿಕೊಂಡರು. "ಬ್ಯಾಂಕು ಕೇಂದ್ರದ್ದು ಕಣಮ್ಮ, ಚೀಟಿ ನೋಡ್ಕೊಳ್ಳೋದು ರಾಜ್ಯದವ್ರು. ನೀನು ಅಳಿಯನ ಮೇಲಿನ ದೂರು ಬೀಗರ ಊರಿನ ಶ್ಯಾನುಭೋಗನಿಗೆ ಬರೆದಿದೀಯ." ಮರುದಿನವೇ ಅವಳನ್ನು ಚಿಕ್ಕಮಗಳೂರಿನ ಚೀಟಿ ನಿಬಂಧಕರ ಕಚೇರಿಗೆ ಕರೆದುಕೊಂಡು ಹೋದರು. ಕಂಪನಿಯಿಂದ ಅವರಿಗೆ ಅದಕ್ಕೇನೂ ಬರುತ್ತಿರಲಿಲ್ಲ. ಬಸ್ಸಿನ ಚಾರ್ಜೂ ಅವರದೇ.

ನಮ್ಮ ತೋಟದಲ್ಲಿ ನಿಂತು ಅವರು ಹೇಳಿದ ಮಾತೊಂದು ಈಗ ಈ ಸೀಮೆಯಲ್ಲಿ ಗಾದೆಯೇ ಆಗಿದೆ. "ಕಾಫಿ ದೆಹಲಿಯದು, ಅದರ ನೆರಳಿಗೆ ನಿಂತ ಮರದ ಮೇಲಿನ ಮೆಣಸು ಬೆಂಗಳೂರಿನದು, ಮರ ಬಿದ್ರೆ ಅರಣ್ಯ ಇಲಾಖೆಯದು. ಎತ್ತಿ ಹಾಕೋ ಸೊಂಟನೋವು ಮಾತ್ರ ನಿಂದು." ಕಾಫಿಯ ಸಂಗತಿಯೆಲ್ಲ ಕೇಂದ್ರದ ವಾಣಿಜ್ಯ ಖಾತೆಗೆ ಸೇರಿದ್ದು, ಮೆಣಸು ರಾಜ್ಯದ ತೋಟಗಾರಿಕೆಗೆ. ಮಳೆ ಹೆಚ್ಚಾಗಿ ಬಳ್ಳಿ ಸತ್ತರೆ ಮೆಣಸಿಗೆ ವಿಮೆ ಉಂಟು, ಅದೇ ಮಳೆಗೆ ಉದುರಿದ ಕಾಫಿಗೆ ಇಲ್ಲ. ಒಂದೇ ತೋಟ, ಒಂದೇ ಮಳೆ.

ಆ ತೋಟ ಎರಡೇ ಎಕರೆ. ಅಪ್ಪನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು. ಹೆಣ್ಣಿಗೆ ಪಾಲು ಕೊಟ್ಟಿದ್ದೇ ಅಣ್ಣನಿಗೆ ಸಂಕಟ, ಅದನ್ನು ಅವಳೇ ಮಾಡುತ್ತಾಳೆಂಬುದು ಇನ್ನೂ ದೊಡ್ಡ ಸಂಕಟ. "ಒಂದು ವರ್ಷ ನೋಡು. ಆಗ್ಲಿಲ್ಲ ಅಂದ್ರೆ ನಂಗೆ ಲೀಸಿಗೆ ಕೊಡು, ಹೊರಗಿನವರಿಗೆ ಬೇಡ" ಎಂದಿದ್ದ. ಅವನು ಕೆಟ್ಟವನಲ್ಲ. ಆದರೆ ಒಮ್ಮೆ ಅವನ ಕೈಗೆ ಹೋದರೆ ನಾನು ಆ ತೋಟಕ್ಕೆ ನೆಂಟಳಾಗಿ ಹೋಗಬೇಕಿತ್ತು. ಅದು ನನಗೆ ಬೇಡವಾಗಿತ್ತು. ಮದುವೆ, ಸಂಸಾರ ಎಲ್ಲ ನೋಡಿಯಾದ ಮೇಲೆ ನನ್ನದು ಅಂತ ಉಳಿದಿದ್ದು ಅದೊಂದೇ.

ಎರಡನೇ ವರ್ಷ ಮೆಣಸಿಗೆ ವಿಮೆ ಮಾಡಿಸಿದೆ. ಆ ಸಲ ನಮ್ಮ ಕಡೆಯ ಬೆಳೆ ವಿಮೆ ಏಜೆಂಟರ ಕಂಪನಿಗೇ ಸಿಕ್ಕಿತ್ತು. ನನ್ನ ಜಗಲಿಯಲ್ಲಿ ಕೂತು, ನಾನು ಕೊಟ್ಟ ಪಹಣಿಯನ್ನು ಮಡಿಲಲ್ಲಿಟ್ಟುಕೊಂಡು, ಅರ್ಜಿ ತುಂಬಿದವರು ಅವರೇ.

ಆ ವರ್ಷ ಮಳೆ ಬಿಡುವನ್ನೇ ಕೊಡಲಿಲ್ಲ. ಸೊರಗು ರೋಗ ಬಂದು ವಾರದೊಳಗೆ ಬಳ್ಳಿಗಳು ಹಳದಿಯಾಗಿ, ಎಲೆಗಿಂತ ಮೊದಲೇ ಕಾಳು ತುಂಬಿದ ಗೆರೆಗಳು ಉದುರಿದವು. ಬುಡ ಹಿಡಿದು ಎಳೆದರೆ ಬೇರು ಕೊಳೆತ ವಾಸನೆ. ಅರ್ಧಕ್ಕಿಂತ ಹೆಚ್ಚು ಹೋಯಿತು. ಈ ವಿಮೆಯಲ್ಲಿ ಸತ್ತ ಬಳ್ಳಿ ಎಣಿಸಲು ಯಾರೂ ಬರುವುದಿಲ್ಲ, ಪಂಚಾಯಿತಿಯ ಮಳೆ ಮಾಪಕದಲ್ಲಿ ಇಂತಿಷ್ಟು ಮಳೆ ಬಿದ್ದರೆ ಅಲ್ಲಿಯವರಿಗೆಲ್ಲ ಪರಿಹಾರ. ಸುತ್ತಲಿನ ತೋಟದವರಿಗೆಲ್ಲ ಪರಿಹಾರ ಬಂತು, ನನಗೆ ಬರಲಿಲ್ಲ. ಕೇಳಿದರೆ, ನಿಮ್ಮದು ಜಾವಳಿ ಪಂಚಾಯಿತಿ, ಅಲ್ಲಿಯ ಮಳೆ ಮಾಪಕದಲ್ಲಿ ಅಷ್ಟು ಮಳೆ ಬಿದ್ದಿಲ್ಲ ಎಂದರು.

ತೋಟಗಾರಿಕೆ ಕಚೇರಿಗೆ ಹೋದೆ. "ವಿಮಾ ಕಂಪನಿ ಮೇಲೆ ನಮ್ದೇನೂ ನಡೆಯಲ್ಲಮ್ಮ, ಅದು ಕೇಂದ್ರದ ಕಾನೂನು" ಎಂದರು. ಕಂಪನಿಗೆ ಫೋನು ಮಾಡಿದೆ. "ಮಳೆ ಮಾಪಕ ರಾಜ್ಯ ಸರ್ಕಾರದ್ದು, ಪಂಚಾಯಿತಿ ಪಟ್ಟಿಯೂ ಅವರದ್ದೇ, ನಾವೇನು ಮಾಡೋಣ ಮೇಡಂ?" ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಅದೇ ನನ್ನನ್ನು ಉರಿಸಿದ್ದು. ಅಷ್ಟರಲ್ಲಿ ಅಣ್ಣ ಬಂದು ತೋಟ ಸುತ್ತಿ, ಏನೂ ಹೇಳದೆ ಕಾಫಿ ಕುಡಿದು ಹೋದ. ಏನಾದರೂ ಹೇಳಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಆ ವಾರ ಏಜೆಂಟರು ಬಂದರು. ಪಹಣಿ ತರಲು ಹೇಳಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. ಅರ್ಜಿಯ ನಕಲನ್ನು ಪಕ್ಕದಲ್ಲಿಟ್ಟು ಮತ್ತೆ ಓದಿದರು.

"ತೋಟ ಹಳ್ಳದ ಆಚೆಗಿದೆ ಅಲ್ವಾ?"

"ಹೌದು."

"ಹಳ್ಳದ ಆಚೆ ಜಾವಳಿ ಅಲ್ಲ ಮಾರಾಯ್ತಿ. ಬೇರೆ ಪಂಚಾಯ್ತಿ. ಇಲ್ಲಿ ಬರೆದೈತೆ ನೋಡು."

ನಮ್ಮಲ್ಲಿ ಯಾರನ್ನು ಎಲ್ಲಿಯವರೆಂದು ಕೇಳಿದರೂ ಬಸ್ಸು ನಿಲ್ಲುವ ಊರಿನ ಹೆಸರನ್ನೇ ಹೇಳುತ್ತೇವೆ. ಅಲ್ಲಿಂದ ಮೂರು ಮೈಲಿ ಗುಡ್ಡ ಹತ್ತಬೇಕಾದರೂ ಅದೇ ನಮ್ಮ ಊರು. ನಾನು ಹುಟ್ಟಿದಂದಿನಿಂದ ಜಾವಳಿಯವಳು. ಏಜೆಂಟರಿಗೂ ನಾನು ಜಾವಳಿಯವಳೇ. ಹಾಗಾಗಿ ಕಣ್ಣೆದುರಿನ ಪಹಣಿ ಬಿಟ್ಟು ಬಸ್ ಸ್ಟಾಪಿನ ಹೆಸರು ಬರೆದಿದ್ದರು. ಅದೇ ಸರ್ವೆ ನಂಬರಿನ ಜಮೀನು ಜಾವಳಿಯಲ್ಲೂ ಒಂದು ಇದ್ದುದರಿಂದ ಕಂಪ್ಯೂಟರೂ ತಕರಾರಿಲ್ಲದೆ ನುಂಗಿಕೊಂಡಿತ್ತು.

"ನಾನೂ ನೋಡದೆ ಸಹಿ ಹಾಕಿದೀನಲ್ಲ" ಎಂದೆ.

"ಆ ಮಾತು ಇನ್ನೊಂದ್ಸಲ ಎಲ್ಲೂ ಆಡಬೇಡ. ತಪ್ಪು ನಿಂದಾದ್ರೆ ನಿಂಗೆ ಏನೂ ಸಿಗಲ್ಲ. ನಂದಾದ್ರೆ ಕಂಪನಿ ಉತ್ತರ ಹೇಳ್ಬೇಕು. ಏಜೆಂಟ್ ಅಂದ್ರೆ ಕಂಪನಿಯ ಕೈ. ತಪ್ಪು ನಂದೇ, ಅದು ನಿಜ ತಾನೇ?"

ರಾಜ್ಯದ ಕಚೇರಿಗಳ ಬಾಗಿಲು ಬಡಿಯುವುದನ್ನು ಬಿಡಿಸಿದರು. ಕಂಪನಿಗೆ ಒಂದು ಪತ್ರ ಹಾಕಿಸಿದರು, ಅದರ ನಿರಾಕರಣೆ ಬರುವವರೆಗೆ ಕಾಯಿಸಿದರು. ಆಮೇಲೆ ವಿಮಾ ಲೋಕಪಾಲರಿಗೆ, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಲೆಂದೇ ಕೇಂದ್ರದ ನಿಯಮದಂತೆ ನೇಮಕವಾದ ಅಧಿಕಾರಿಗೆ, ದೂರು ಬರೆಸಿದರು. ಅದರ ಜೊತೆಗೆ ತಮ್ಮದೇ ಕೈಬರಹದ ಒಂದು ಪುಟ ಇಟ್ಟರು. "ಅರ್ಜಿದಾರರು ಸರಿಯಾದ ಪಹಣಿಯನ್ನೇ ಕೊಟ್ಟಿದ್ದರು. ನಾನು ಓದದೆ ತಪ್ಪು ಪಂಚಾಯಿತಿ ಬರೆದೆ." ಕೆಳಗೆ ಸಹಿ, ಏಜೆನ್ಸಿ ನಂಬರು.

"ನಿಮಗೆ ತೊಂದರೆ ಆಗಲ್ವಾ?" ಎಂದು ಕೇಳಿದೆ. "ನಂಗೆಂತ ಆಗ್ತದೆ? ಬಯ್ತಾರೆ, ಬಯ್ಸಿಕೊಂಡ್ರಾಯ್ತು" ಎಂದು ಸ್ಕೂಟರು ಒದ್ದರು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ವಿಚಾರಣೆ ವಿಡಿಯೋದಲ್ಲೇ ನಡೆಯಿತು. ಮೂಡಿಗೆರೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು. ಕಂಪನಿಯ ವಕೀಲರು ಅರ್ಜಿಗೆ ಸಹಿ ಹಾಕಿದವರೇ ಹೊಣೆ ಎಂದರು. ಅಧಿಕಾರಿ ಏಜೆಂಟರನ್ನು, "ಪಹಣಿ ಕೈಯಲ್ಲಿದ್ದೂ ಯಾಕೆ ತಪ್ಪು ಬರೆದಿರಿ?" ಎಂದು ಕೇಳಿದರು. ಇವರು ಎದ್ದೇ ನಿಂತರು. ಪರದೆಯಲ್ಲಿ ಬರೀ ಹೊಟ್ಟೆ ಕಾಣುತ್ತಿತ್ತು. "ಸ್ವಾಮಿ, ಮೂವತ್ತು ವರ್ಷದಿಂದ ಈ ಹುಡುಗಿಯ ಮನೆಯವರು ಜಾವಳಿಯಲ್ಲಿ ಬಸ್ ಇಳಿಯೋದು ನೋಡಿದೀನಿ. ಕಾಗದ ನೋಡ್ಲಿಲ್ಲ, ಮನುಷ್ಯರನ್ನ ನೋಡಿ ಬರೆದೆ. ಅದು ನನ್ನ ಕೆಲಸದಲ್ಲಿ ತಪ್ಪು." ನಲವತ್ತೈದು ದಾಟಿದ ನಾನು ಹುಡುಗಿ! ನಗು ಬಂತು.

ಎರಡು ತಿಂಗಳಿಗೆ ಆದೇಶ ಬಂತು, ಪರಿಹಾರ ಕೊಡಬೇಕೆಂದು. ಅದರಲ್ಲೇ ಹೊಸ ಬಳ್ಳಿ ನೆಡಿಸಿದೆ, ಬಸಿಗಾಲುವೆ ತೆಗೆಸಿದೆ. ಅಣ್ಣ ಲೀಸಿನ ಮಾತನ್ನು ಮತ್ತೆ ಎತ್ತಲಿಲ್ಲ. ಏಜೆಂಟರು ಆಮೇಲೆಯೂ ಪ್ರತಿ ವರ್ಷ ಅರ್ಜಿಯ ಕಾಲಕ್ಕೆ ಬರುತ್ತಿದ್ದರು. ಪೆನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ನೀನೇ ಬರಿ, ಪಂಚಾಯ್ತಿ ಹೆಸರು ಗಟ್ಟಿಯಾಗಿ ಓದು" ಎಂದು ಶಾಲೆಯ ಮೇಷ್ಟರ ಹಾಗೆ ಮೂರು ಸಲ ಓದಿಸುತ್ತಿದ್ದರು. ಅವರಿಗೆ ಕೈ ನಡುಗುತ್ತದೇನೋ ಎಂದುಕೊಂಡಿದ್ದೆ.

ಹೋದ ವರ್ಷ ಮೆಣಸಿನ ಕುಯ್ಲಿನ ಸಮಯದಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಕೂತವರು ಹಾಗೇ ಒರಗಿದರಂತೆ. ಹನ್ನೊಂದನೆಯ ದಿನ ಕಳೆದ ಮೇಲೆ ಅವರ ಹೆಂಡತಿಯನ್ನು ನೋಡಲು ಹೋದೆ. ಏನಾದರೂ ಹೇಳಬೇಕಲ್ಲ ಎಂದು, ಅವರ ಗಿರಾಕಿಗಳನ್ನೆಲ್ಲ ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ.

ಆಕೆ ನನ್ನನ್ನೇ ನೋಡಿದರು. "ಯಾವ ಗಿರಾಕಿ? ನಿನ್ನ ಕೇಸಾದ ವರ್ಷವೇ ಕಂಪನಿಯವ್ರು ಏಜೆನ್ಸಿ ತೆಗೆದ್ರಲ್ಲ. ಆಮೇಲೆ ಕಳಸದಲ್ಲಿ ಒಂದು ಮೆಣಸಿನ ಮಂಡಿಯಲ್ಲಿ ತೂಕ ಬರೆಯೋಕೆ ಹೋಗ್ತಿದ್ರು."

ಆಕೆ ಮುಂದುವರಿಸಿದರು. "ನಿಂಗೆ ಹೇಳ್ತೀನಿ ಅಂತ ನಾನೇ ಹೊರಟಿದ್ದೆ. ಬಿಡ್ಲಿಲ್ಲ. 'ಅವಳಿಗೆ ಗೊತ್ತಾದ್ರೆ ಆ ದುಡ್ಡು ಮುಟ್ಟಲ್ಲ, ತೋಟ ಅಣ್ಣನ ಕೈಗೆ ಹೋಗ್ತದೆ, ಸುಮ್ನಿರು' ಅಂದ್ರು."

ಗುಡ್ಡ ಹತ್ತಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ. ಅಳು ನಿಂತ ಮೇಲೆ ಒಂದು ಪ್ರಶ್ನೆ ಉಳಿಯಿತು, ಈಗಲೂ ಉಳಿದಿದೆ. ಗೊತ್ತಾಗಿದ್ದರೆ ನಾನು ಆ ದುಡ್ಡನ್ನು ನಿಜವಾಗಿ ಬೇಡವೆನ್ನುತ್ತಿದ್ದೆನೇ? ನನ್ನನ್ನು ನಾನು ಬಲ್ಲೆ. ಎರಡು ದಿನ ಸಂಕಟಪಟ್ಟು, ಮೂರನೆಯ ದಿನ ತೆಗೆದುಕೊಳ್ಳುತ್ತಿದ್ದೆ. ಅವರು ಮಾತ್ರ ನನ್ನನ್ನು ನನಗಿಂತ ಒಳ್ಳೆಯವಳೆಂದು ತಿಳಿದುಕೊಂಡೇ ಹೋದರು.